ಹನ್ನೊಂದು ಗಂಟೆಯ ಬಾಗಿಲು

ಹೋದ ತಿಂಗಳು ನಮ್ಮ ಶೆಡ್ಡಿನ ಅಕ್ಕ ಕೆಲಸ ಬಿಟ್ಟಳು. ಯಾರೂ ಬಿಡಿಸಿದ್ದಲ್ಲ. ಒಂದು ಶನಿವಾರ ಸಂಜೆ ತನ್ನ ದೊಡ್ಡ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟು, "ತಮಾ, ನಂದು ಸಾಕಾತು. ಸೋಮವಾರದಿಂದ ಬರೂದಿಲ್ಲ" ಎಂದಳು. ಸಾವ್ಕಾರ್ರು ಅವಸರದಲ್ಲಿ ಅಂಕೋಲೆ ಪೇಟೆಯಿಂದ ಒಂದು ಶಾಲು, ಒಂದು ತೆಂಗಿನಕಾಯಿ ತರಿಸಿದರು. ಶಾಲು ಹೊದೆಸಲು ಬಂದಾಗ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು, "ಈ ಸೆಕೆಗೆ ಶಾಲಾ? ಬೆಂದು ಸಾಯ್ಲಿ ಅಂತ ಮಾಡಿದ್ರ್ಯಾ ಹೆಂಗೆ?" ಎಂದಳು. ಎಲ್ಲರೂ ನಕ್ಕರು, ಸಾವ್ಕಾರ್ರೂ ನಕ್ಕರು. ಕೆಲವು ವರ್ಷಗಳ ಹಿಂದೆ ಇದೇ ಸಾವ್ಕಾರ್ರಿಗೆ ಇದೇ ಹೆಂಗಸನ್ನು ಮನೆಗೆ ಕಳಿಸಲು ಒಂದು ಮರಳಿನ ಕಾಳು ಸಿಕ್ಕಿದ್ದರೆ ಸಾಕಿತ್ತು. ಆ ಕತೆ ಶೆಡ್ಡಿನಲ್ಲಿ ಈಗ ಅರ್ಧ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಬರೆಯಲು ಕೂತೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹಾಗೆಂದು ನನಗೆ ಯಾವ ನಾಚಿಕೆಯೂ ಇಲ್ಲ. ಫೈಬರ್ ದೋಣಿ ಕಟ್ಟುವುದು ನನ್ನ ಕಸುಬು. ಕಾರವಾರದಿಂದ ಅಂಕೋಲೆಯವರೆಗೆ ಯಾವ ದಕ್ಕೆಗೆ ಹೋಗಿ ನಿಂತರೂ ನನ್ನ ಕೈಯಲ್ಲಿ ಹುಟ್ಟಿದ ಪಾತಿದೋಣಿ ಒಂದಾದರೂ ಅಲ್ಲಿ ಅಲೆಯ ಮೇಲೆ ಕುಣಿಯುತ್ತಿರುತ್ತದೆ. ಮಳೆಗಾಲದ ಕಡಲು ಒಡೆಯದ ದೋಣಿಗಳು ಅವು. ಇಂಥ ಕೈಯನ್ನು ನಾನು ಕಳೆದುಕೊಳ್ಳುವುದರಲ್ಲಿದ್ದೆ. ಉಳಿಸಿಕೊಟ್ಟವಳು ಅವಳು. ಹೆಸರು ಬರೆಯುವ ಹಾಗಿಲ್ಲ, ಆಣೆ ಹಾಕಿಸಿಕೊಂಡಿದ್ದಾಳೆ. "ಹೆಸ್ರು ಹಾಕಿದ್ರೆ ನೋಡು ಮತ್ತೆ, ನಿನ್ನ ಹೆಂಡ್ತಿ ಹತ್ರ ನಿನ್ನ ಬಗ್ಗೆ ಇರೂದೂ ಇಲ್ದಿದ್ದೂ ಹೇಳಿ ಬತ್ತೆ."

ಅಕ್ಕ ಚೆಂಡಿಯಾ ಕಡೆಯವಳು, ಮೀನುಗಾರರ ಮನೆಯವಳು. ನೌಕಾನೆಲೆಗೆ ಜಾಗ ಹೋದಾಗ ಅವರ ಮನೆಯೂ ಹೋಗಿ, ಪುನರ್ವಸತಿಯ ಕಾಲೊನಿಗೆ ಬಂದವರು. ಮನೆ ಮುಂದೆ ಕಡಲು ಇದ್ದದ್ದು ಹೋಗಿ ಮನೆ ಮುಂದೆ ಡಾಂಬರು ರಸ್ತೆ ಬಂತು. ಗಂಡನ ದೋಣಿ ಮಾರಿಹೋಯಿತು. ಅಕ್ಕ ಮಾತ್ರ ಬುಟ್ಟಿ ಬಿಡಲಿಲ್ಲ. ಬೆಳಿಗ್ಗೆ ಕಾರವಾರದ ದಕ್ಕೆಯಲ್ಲಿ ಹರಾಜು ಕೂಗಿ ಮೀನು ಕೊಂಡು, ಬಸ್ಸು ಹತ್ತಿ ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿಗೆ ಹೋಗಿ ಮಾರುತ್ತಿದ್ದಳು. ಅಲ್ಲಿ ಯಾವ ಯಾವುದೋ ರಾಜ್ಯದ ಹೆಂಗಸರು. ಅವರ ಜೊತೆ ಚೌಕಾಸಿ ಮಾಡಿ ಮಾಡಿ ಅಕ್ಕನಿಗೆ ಐದು ಭಾಷೆಯಲ್ಲಿ "ಇಲ್ಲ, ಗಿಟ್ಟೂದಿಲ್ಲ" ಎನ್ನಲು ಬರುತ್ತಿತ್ತು. ಮೀನಿನ ಕಿವಿ ಎತ್ತಿ ಮೂಗಿನ ಹತ್ತಿರ ಒಮ್ಮೆ ಆಡಿಸಿದರೆ ಸಾಕು, ಅದು ನಿನ್ನೆಯದೋ ಇವತ್ತಿನದೋ, ಐಸಿನಲ್ಲಿ ಎಷ್ಟು ಹೊತ್ತು ಮಲಗಿತ್ತು, ಎಲ್ಲ ಹೇಳುತ್ತಿದ್ದಳು. ತಲೆಹೊರೆ ಹೊತ್ತು ಮಂಡಿ ಸವೆದ ಮೇಲೆ ಕೂತು ಮಾಡುವ ಕೆಲಸ ಬೇಕಾಯಿತು. ಹಾಗೆ ನಮ್ಮ ಶೆಡ್ಡಿಗೆ ಫೈಬರ್ ಮ್ಯಾಟ್ ಕತ್ತರಿಸಲು ಬಂದಳು.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ದೋಣಿಯ ಆಕಾರದ ಒಂದು ದೊಡ್ಡ ಅಚ್ಚು ಇರುತ್ತದೆ. ಅದರೊಳಗೆ ಮೊದಲು ಬಣ್ಣದ ಪದರ ಬಳಿಯುತ್ತೇವೆ. ದೋಣಿ ಹೊರಬಂದ ಮೇಲೆ ಅದೇ ಅದರ ಹೊರಮೈ. ಆಮೇಲೆ ಗಾಜಿನ ನೂಲಿನ ಮ್ಯಾಟ್ ಹಾಸಿ, ಜೇನಿನಂಥ ರೆಸಿನ್ ಸುರಿದು ರೋಲರಿನಿಂದ ಒತ್ತುತ್ತಾ ಪದರದ ಮೇಲೆ ಪದರ ಕೂರಿಸುತ್ತೇವೆ. ರೆಸಿನ್ನಿಗೆ ಸ್ವಲ್ಪವೇ ಹಾರ್ಡ್‌ನರ್ ಬೆರೆಸಿದರೆ ಅದು ಗಟ್ಟಿಯಾಗುತ್ತದೆ. ರೋಲರ್ ತೊಳೆಯಲು, ಕೈ ತೊಳೆಯಲು ಅಸಿಟೋನ್. ಇದಕ್ಕೆಲ್ಲ ವಾಸನೆ ಎಂಥದು ಎಂದರೆ, ಮೊದಲ ದಿನ ಬಂದವನು ಮಧ್ಯಾಹ್ನದೊಳಗೆ ತೆಂಗಿನಮರ ತಬ್ಬಿಕೊಂಡು ವಾಂತಿ ಮಾಡಬೇಕು. ನಾವು ನಿಂತು ನಗುತ್ತಿದ್ದೆವು. "ಮೂಗು ಸಾಯ್ಲಿ ತಡಿ, ಆಮೇಲೆ ಕೆಲ್ಸ ಬತ್ತದೆ" ಎನ್ನುವುದು ಶೆಡ್ಡಿನ ಮಾತು. ಒಂದು ತಿಂಗಳಿಗೆ ವಾಸನೆ ತಿಳಿಯುವುದು ನಿಲ್ಲುತ್ತಿತ್ತು. ಆಗ ಅವನಿಗೆ ಚಹಾ ಕುಡಿಸಿ ನಮ್ಮವನು ಎಂದು ಒಪ್ಪಿಕೊಳ್ಳುತ್ತಿದ್ದೆವು. ಮೈ ಪಳಗಿತು ಎಂದು ನಮ್ಮ ಲೆಕ್ಕ. ಸಂಜೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಒಳಗಿನದ್ದೆಲ್ಲ ತೊಳೆದುಹೋಗುತ್ತದೆ ಎಂದು ನಂಬಿದ್ದೆವು. ನನ್ನ ಮೂಗು ಸತ್ತು ಹದಿನೈದು ವರ್ಷವಾಗಿತ್ತು, ಅದನ್ನು ನಾನು ಬಿರುದಿನ ಹಾಗೆ ಹೇಳಿಕೊಳ್ಳುತ್ತಿದ್ದೆ.

ಇನ್ನು ಬಾಗಿಲು. ನಮ್ಮ ಶೆಡ್ಡು ಹೆದ್ದಾರಿಯಿಂದ ಕಡಲಿಗೆ ಇಳಿಯುವ ಕಚ್ಚಾರಸ್ತೆಯ ಕೊನೆಯಲ್ಲಿದೆ. ಬೆಳಿಗ್ಗೆ ಗಾಳಿ ಸುಮ್ಮನಿರುತ್ತದೆ. ಹನ್ನೊಂದರ ಸುಮಾರಿಗೆ ಕಡಲಗಾಳಿ ಏಳುತ್ತದೆ, ಜೊತೆಗೆ ದಂಡೆಯ ಮರಳು, ನಾವು ಹೊಯ್ಗೆ ಎನ್ನುವುದು, ಅದೂ ಏಳುತ್ತದೆ. ಬಣ್ಣದ ಪದರದಲ್ಲಿ ಒಂದು ಕಾಳು ಸಿಕ್ಕಿಕೊಂಡರೂ ದೋಣಿಯ ಮೈಯಲ್ಲಿ ಗುಳಿ ಬೀಳುತ್ತದೆ, ಅಲ್ಲಿಂದ ಉಪ್ಪುನೀರು ಒಳಗೆ ಇಳಿಯುತ್ತದೆ. ಹಿಂದೊಮ್ಮೆ ಹಾಗಾಗಿ ಒಂದು ದೋಣಿ ವಾಪಸು ಬಂದಿತ್ತು. ಆವತ್ತಿನಿಂದ ಸಾವ್ಕಾರ್ರ ಕಟ್ಟಳೆ: ಹನ್ನೊಂದಕ್ಕೆ ಪಡುವಣದ ಎರಡೂ ಬಾಗಿಲು ಹಾಕಬೇಕು, ಮೂಡಣದ ಬಾಗಿಲೂ ಹಾಕಬೇಕು, ಇಲ್ಲದಿದ್ದರೆ ಸಂದಿಯಿಂದ ಗಾಳಿ ಎಳೆಯುತ್ತದೆ. ಆ ತಗಡಿನ ಬಾಗಿಲುಗಳನ್ನು ಹಾಕಿ ಅಗಳಿ ಜಡಿಯುವವನು ನಾನೇ. ಮೇಲೆ ಕಾದ ಶೀಟು, ಒಳಗೆ ಎಂಟು ಜನ, ನಡುವೆ ಹಸಿ ರೆಸಿನ್ನಿನ ದೋಣಿ. ಸಂಜೆ ಐದರವರೆಗೆ ಹಾಗೇ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಅಷ್ಟರಲ್ಲಿ ಮನೆ ಹಿಡಿದಿದ್ದ. ಅವನ ಕೈ ನಡುಗಿ ಚಹಾದ ಲೋಟ ತುಟಿಗೆ ಮುಟ್ಟುತ್ತಿರಲಿಲ್ಲ. ಊರವರು ಕುಡಿತ ಎಂದರು, ಕೆಲವರು ಯಾರದೋ ಕಣ್ಣು ಎಂದರು. ಅವನು ಕುಡಿಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಬಾಯಿ ಬಿಟ್ಟು ಹೇಳಲಿಲ್ಲ. ಏಕೆಂದರೆ ನನಗೂ ಶುರುವಾಗಿತ್ತು. ಮಧ್ಯಾಹ್ನ ತಲೆ ಹಗುರಾಗಿ ತೇಲುವುದು, ಸಂಜೆ ಸಿಡಿಯುವುದು. ಬೆರಳ ತುದಿಗೆ ಇರುವೆ ಹರಿದ ಹಾಗೆ. ಮನೆಗೆ ಹೋಗುವಾಗ ಹೆಜ್ಜೆ ಸೊಟ್ಟಗೆ ಬೀಳುತ್ತಿತ್ತು. ಜನ್ಮದಲ್ಲಿ ಒಂದು ಹನಿ ಹೆಂಡ ಮುಟ್ಟದ ನನ್ನ ಬಾಯಿಯನ್ನು ಹೆಂಡತಿ ಮೂಸಿ ನೋಡಿದಳು! ಆ ದಿನ ಅವಳ ಮೇಲೆ ಕೂಗಾಡಿ ಊಟ ಬಿಟ್ಟು ಎದ್ದೆ. ಹಿಂದೆಂದೂ ನಾನು ಹಾಗೆ ಕೂಗಾಡಿದವನಲ್ಲ.

ಅಕ್ಕ ಬಂದು ಎರಡು ವರ್ಷವಾಗಿರಬೇಕು. ರೆಸಿನ್ನಿನಿಂದ ದೂರದ ಮೂಲೆಯಲ್ಲಿ ಕೂತು ಕತ್ತರಿಸುವವಳ ಮೂಗು ಇಷ್ಟು ದಿನ ಉಳಿದಿತ್ತು. ಭಾನುವಾರ ಅವಳು ತನ್ನ ಕಾಲೊನಿಯವರಿಗೆ ಎಂದು ದಕ್ಕೆಯಿಂದ ಮೀನು ತಂದುಕೊಡುವುದಿತ್ತು. ಒಂದು ಸೋಮವಾರ ಬಂದವಳು ಕತ್ತರಿ ಹಿಡಿಯಲಿಲ್ಲ. ಮ್ಯಾಟಿನ ಉರುಳೆಯ ಮೇಲೆ ಕೂತು ನೆಲ ನೋಡುತ್ತಿದ್ದಳು.

"ಎಂತಾ ಅಕ್ಕಾ, ಮೈಯಲ್ಲಿ ಸಮ ಇಲ್ವಾ?"

"ನಿನ್ನೆ ಬಂಗಡೆ ತಂದಿದ್ನಾ. ಪಕ್ಕದ್ಮನೆಯವ್ಳು ವಾಪಸ್ ತಂದು ಮೆಟ್ಟಿಲ ಮೇಲೆ ಇಟ್ಟು ಹೋದ್ಲು. ಕೊಳೆತಿತ್ತಂತೆ. ನಾ ಕಿವಿ ಎತ್ತಿ ನೋಡೇ ತಂದಿದ್ದೆ ತಮಾ. ನಂಗೆ ಎಂತದೂ ಗೊತ್ತಾಗ್ಲಿಲ್ಲ."

ನಾನು ನಗೆಯಾಡಿದೆ. "ಆಯ್ತಲ್ಲ, ಈಗ ನೀ ನಮ್ಮವ್ಳು. ಮೂಗು ಸತ್ತೋತು."

ಅಕ್ಕ ನಗಲಿಲ್ಲ. "ನಲವತ್ತು ವರ್ಷ ನನ್ನ ಬುಟ್ಟಿಯ ಒಂದು ಮೀನು ವಾಪಸ್ ಬಂದದ್ದಿಲ್ಲ" ಎಂದಳು.

ಎರಡು ದಿನ ಬಿಟ್ಟು ಊಟದ ಹೊತ್ತಿಗೆ ನಮ್ಮ ನಡುವೆ ಒಂದು ಸ್ಟೀಲ್ ಡಬ್ಬಿ ತಂದು ಇಟ್ಟಳು. ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿತ್ತು. "ಇದ್ರಲ್ಲಿ ಎಂತಾ ಇದೆ, ಹೇಳಿ ನೋಡ್ವಾ."

ಒಬ್ಬ ಹೋಳಿಗೆ ಎಂದ. ಒಬ್ಬ ಮೂಸಿ ನೋಡಿ ಏನೂ ಇಲ್ಲ, ಖಾಲಿ ಎಂದ. ನಾನು ಹಲಸಿನ ಹಪ್ಪಳ ಎಂದೆ. ಅಷ್ಟರಲ್ಲಿ ಡ್ರಮ್ಮು ಇಳಿಸಲು ಬಂದ ಟೆಂಪೋ ಡ್ರೈವರ್ ಬಾಗಿಲು ತೆಗೆಸಿ ಒಳಗೆ ಕಾಲಿಟ್ಟವನೇ ಮೂಗು ಮುಚ್ಚಿಕೊಂಡ. "ಥೂ! ಒಳಗೆ ಎಂತಾ ಸತ್ತಿದೆ ಮಾರಾಯ್ರಾ? ಇದ್ರ ಎದ್ರಿಗೆ ಹೆಂಗೆ ಊಟಕ್ಕೆ ಕೂತಿದ್ರಿ?"

ಅಕ್ಕ ಬಟ್ಟೆ ಬಿಚ್ಚಿದಳು. ಮೂರು ದಿನದ ಹಿಂದಿನ ಸಿಗಡಿ. ಕಪ್ಪಾಗಿ ನೀರೊಡೆದಿತ್ತು. ಎಂಟೂ ಜನ ಅನ್ನದ ಡಬ್ಬಿ ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತೆವು. ಯಾರಿಗೂ ವಾಸನೆ ಬರಲಿಲ್ಲ. ನನಗೂ ಬರಲಿಲ್ಲ. ಮೊದಲ ಸಲ ಅದು ಬಿರುದಿನ ಹಾಗೆ ಕಾಣಲಿಲ್ಲ.

ಆದರೂ ಮರುದಿನ ಹನ್ನೊಂದಕ್ಕೆ ನಾನೇ ಎದ್ದು ಬಾಗಿಲು ಹಾಕಿದೆ.

ಬಕೆಟ್ಟಿನ ಪ್ರಕರಣ ನಡೆದದ್ದು ಅದಾಗಿ ಕೆಲವೇ ದಿನಕ್ಕೆ. ರೆಸಿನ್ನಿಗೆ ಹಾರ್ಡ್‌ನರ್ ಹಾಕಿ ಕಲಸಿದೆ. ಯಾರೋ ಕರೆದರು, ಹೋದೆ, ಬಂದೆ. ಮತ್ತೆ ಹಾರ್ಡ್‌ನರ್ ಹಾಕಿ ಕಲಸಿದೆ. ಹಾಕಿದ್ದು ನನಗೆ ನೆನಪೇ ಇಲ್ಲ. ಕಣ್ಣು ಮುಚ್ಚಿ ಬಿಡುವುದರೊಳಗೆ ಬಕೆಟ್ಟು ಕಾದು ಹಬೆಯಾಡತೊಡಗಿತು, ಆಮೇಲೆ ಹೊಗೆ. ಪಕ್ಕದಲ್ಲೇ ಬಾಯಿ ತೆರೆದ ಅಸಿಟೋನಿನ ಡಬ್ಬ. ಒಂದು ಕಿಡಿ ಬಿದ್ದಿದ್ದರೆ ನಾವು ಎಂಟೂ ಜನ ಆ ಮುಚ್ಚಿದ ಶೆಡ್ಡಿನಲ್ಲೇ ಬೂದಿಯಾಗುತ್ತಿದ್ದೆವು. ಮಂಡಿನೋವಿನ ಅಕ್ಕ ತನ್ನ ಮೂಲೆಯಿಂದ ಗೋಣಿಚೀಲ ಹಿಡಿದು ಓಡಿಬಂದು, ಬಕೆಟ್ಟು ಎತ್ತಿ, ಕಾಲಿನಿಂದ ಅಗಳಿ ಒದ್ದು ಬಾಗಿಲು ತೆಗೆದು ಮರಳ ಮೇಲೆ ಬಿಸಾಡಿದಳು. ಅದು ಅಲ್ಲಿ ಕೊತಕೊತ ಕುದಿದು ಕಲ್ಲಾಗಿ ಬಿರಿಯಿತು.

"ನಾನು ಒಂದೇ ಸಲ ಹಾಕಿದ್ದು" ಎಂದೆ.

"ಎರಡ್ ಸಲ. ನಾ ಕಂಡಿದ್ದೆ."

"ಹದಿನೈದು ವರ್ಷದಿಂದ ಈ ಕೆಲ್ಸ ಮಾಡ್ತಿದ್ದೆ ನಾನು! ನಿನ್ನೆ ಮೊನ್ನೆ ಬಂದವ್ಳು ನಂಗೆ ಹೇಳೂದಾ?"

"ಅದಕ್ಕೇ ಹೇಳೂದು" ಎಂದಳು, ಸುಟ್ಟ ಅಂಗೈಯನ್ನು ಊದಿಕೊಳ್ಳುತ್ತಾ. "ನಿನ್ನ ಕೈ ತಪ್ಪೂದಲ್ಲ. ತಪ್ತು ಅಂದ್ರೆ ಅದು ನಿಂದಲ್ಲ, ಆ ಬಾಗ್ಲದ್ದು."

ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ನನ್ನ ಹಟ ಅಂಥದ್ದು. ಭಾನುವಾರ ನೋಡಿದರೆ ನಮ್ಮ ಮನೆಯ ಜಗಲಿಯಲ್ಲಿ ಕೂತು ನನ್ನ ಹೆಂಡತಿಯ ಜೊತೆ ಎಲೆ ಅಡಿಕೆ ಹಾಕುತ್ತಿದ್ದಾಳೆ! ಹೆಂಡತಿ ಎಲ್ಲ ಒದರಿಬಿಟ್ಟಿದ್ದಳು. ರಾತ್ರಿ ಕೈ ಜೋಮು ಹಿಡಿಯುವುದು, ಸಿಟ್ಟು, ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನ ಬಸ್ಸು ಯಾವುದೆಂದು ಮರೆತು ನಿಂತದ್ದು. ಸೋಮವಾರ ಇಬ್ಬರೂ ಸೇರಿ ನನ್ನನ್ನು ನಡುವೆ ಕೂರಿಸಿಕೊಂಡು, ಕದ್ದ ಎಮ್ಮೆಯನ್ನು ಕಚೇರಿಗೆ ಒಯ್ಯುವ ಹಾಗೆ ಕಾರವಾರದ ಆಸ್ಪತ್ರೆಗೆ ಒಯ್ದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಘಟ್ಟದ ಮೇಲಿನವರು. ಮೊದಲ ಪ್ರಶ್ನೆ, "ಕುಡಿಯುವ ಅಭ್ಯಾಸ ಇದೆಯಾ?"

ನನಗೆ ಉರಿದುಹೋಯಿತು. ಅಕ್ಕ ನಡುವೆ ಬಾಯಿ ಹಾಕಿದಳು. "ಇವ ಎರಡ್ ಚಾ ಕುಡಿದ್ರೆ ಅದೇ ಇವಂಗೆ ಹಬ್ಬ ಡಾಕ್ಟ್ರೇ. ಆದ್ರೆ ನಾವು ದಿನಾ ಕುಡೀತೇವೆ, ಮೂಗಿಂದ."

ಅಲ್ಲಿಂದ ಡಾಕ್ಟರು ಕೆಲಸದ ವಿಷಯ ಕೇಳತೊಡಗಿದರು. ಯಾವ ಡ್ರಮ್ಮು, ಯಾವ ಡಬ್ಬ, ಎಷ್ಟು ಹೊತ್ತು, ಬಾಗಿಲು ಎಷ್ಟು. ನಾವು ಬಾಯಿಗೆ ಟವೆಲು ಕಟ್ಟುವುದನ್ನೂ, ಸಂಜೆಯ ಬೆಲ್ಲವನ್ನೂ ಅಕ್ಕ ಹೇಳಿದಳು. ರಜೆಯಲ್ಲಿ ಹೇಗಿರುತ್ತದೆ ಎಂದರು. ತಂಗಿಯ ಮದುವೆಗೆ ಒಂದು ವಾರ ರಜೆ ಹಾಕಿದಾಗ ತಲೆನೋವೇ ಇರಲಿಲ್ಲ ಎಂದೆ. ಕಣ್ಣು ಮುಚ್ಚಿಸಿ ಬೆರಳ ತುದಿಗೆ ಹತ್ತಿ ಮುಟ್ಟಿಸಿದರು. ಎಡಗೈಯ ಎರಡು ಬೆರಳಿಗೆ ಮುಟ್ಟಿಸಿದ್ದು ನನಗೆ ತಿಳಿಯಲೇ ಇಲ್ಲ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. "ವಾಸನೆ ತಿಳಿಯುವುದು ನಿಂತರೆ ಮೈ ಪಳಗಿತು ಎಂದಲ್ಲ. ಕಾವಲು ನಾಯಿ ಸತ್ತಿತು ಎಂದು. ಆ ಆವಿ ಉಸಿರಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ, ನರಗಳಿಗೆ ಹೋಗುತ್ತಲೇ ಇರುತ್ತದೆ. ಬಾಯಿಗೆ ಕಟ್ಟುವ ಟವೆಲು ಧೂಳು ತಡೆದೀತು, ಆವಿ ತಡೆಯುವುದಿಲ್ಲ. ಬೆಲ್ಲ ತಿನ್ನಿ, ಅದು ಸಿಹಿಗೆ ಮಾತ್ರ. ಬೇಗ ದೂರವಾದರೆ ಬಹಳಷ್ಟು ವಾಪಸು ಬರುತ್ತದೆ. ತಡವಾದರೆ ಬರುವುದಿಲ್ಲ. ಮತ್ತೊಂದು ಮಾತು, ಈ ಆವಿ ಗಾಳಿಗಿಂತ ಭಾರ. ನೆಲದ ಹತ್ತಿರವೇ ಕೂರುತ್ತದೆ. ಕೆಳಗಿನಿಂದ ಹೊರಹೋಗಲು ದಾರಿ ಬೇಕು."

ನಾನು ಮೇಸ್ತ್ರಿಯ ಲೋಟ ನೆನೆಸಿಕೊಂಡೆ. ಅಕ್ಕ ಮಾತ್ರ ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಗುನುಗುತ್ತಿದ್ದಳು. "ಕೆಳಗಿಂದ ಹೋಗ್ಬೇಕು. ಕೆಳಗಿಂದ."

ಸಾವ್ಕಾರ್ರು ಕೆಟ್ಟವರಲ್ಲ. ಅವರೂ ರೋಲರ್ ಹಿಡಿದೇ ಮೇಲೆ ಬಂದವರು. ಡಾಕ್ಟರ ಚೀಟಿ ನೋಡಿ, "ಡಾಕ್ಟ್ರು ಬರೆದ್ರೆ ಹೊಯ್ಗೆ ಹಾರೂದು ನಿಲ್ತದ್ಯಾ? ನಾನೂ ಇದೇ ರೆಸಿನ್ನಲ್ಲಿ ಕೈ ಹಾಕಿ ಬೆಳ್ದವ. ನಂಗೆ ಎಂತಾ ಆಗಿದೆ?" ಎಂದರು.

"ನಿಮ್ಗೆ ಆಗಿದ್ದು ನಿಮ್ಗೆ ನೆನಪಿಲ್ಲ ಸಾವ್ಕಾರ್ರೇ" ಎಂದಳು ಅಕ್ಕ. "ಮೊನ್ನೆ ಒಂದೇ ದೋಣಿನ ಇಬ್ರಿಗೆ ಕೊಡ್ತೆ ಅಂದಿದ್ರಿ. ಇಬ್ರೂ ಬಂದು ಬಾಗ್ಲಲ್ಲಿ ಕಚ್ಚಾಡಿದ್ರಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಸಾವ್ಕಾರ್ರ ಮುಖ ಕೆಂಪಾಯಿತು. ಅಕ್ಕ ಬಿಡಲಿಲ್ಲ. "ನಾವು ಮೀನು ಒಣಗ್ಸೂ ಜನ. ದಂಡೆ ಮೇಲೆ ನೆಲಕ್ಕೆ ಹಾಸಿದ್ರೆ ಮೀನಿಗೆಲ್ಲಾ ಹೊಯ್ಗೆ. ಅದಕ್ಕೇ ಕಂಬ ನೆಟ್ಟು ಸೊಂಟದ ಎತ್ತರಕ್ಕೆ ಬಲೆ ಕಟ್ಟಿ ಅದ್ರ ಮೇಲೆ ಹಾಕೂದು. ಅಷ್ಟು ಎತ್ತರಕ್ಕೆ ಗಾಳಿ ಬತ್ತದೆ, ಹೊಯ್ಗೆ ಬರೂದಿಲ್ಲ. ಹೊಯ್ಗೆ ನೆಲ ಹಿಡ್ಕಂಡೇ ಓಡೂದು. ಕಡ್ಲ ಬದಿಗೆ ಸೊಂಟದವರೆಗೆ ಹಲಗೆ ಕಟ್ವ, ಮೇಲೆ ಸಣ್ಣ ಕಣ್ಣಿನ ಬಲೆ. ಆಚೆ ಬದಿಯ ಬಾಗ್ಲು ನೆಲದವರೆಗೂ ತೆರೆದಿಡುವ. ಗಾಳಿ ಇಲ್ಲಿಂದ ಬಂದು ಆ ಹೊಲಸನ್ನ ಗುಡಿಸ್ಕಂಡು ಅಲ್ಲಿಂದ ಹೋತದೆ."

"ಒಂದು ಕಾಳು ಬಿದ್ರೆ?"

"ಬಿದ್ರೆ ನಾ ಹೋತೆ."

"ಮತ್ತೆ ಅತ್ತು ಕರೆದು ಮಾಡೂಕಿಲ್ಲ."

"ಬೀಳ್ದಿದ್ರೆ ಬಾಗ್ಲು ಹೋಗ್ಬೇಕು. ಮತ್ತೆ ಹಾಕೂಕಿಲ್ಲ. ಸಮಾ?"

ಅಕ್ಕನ ಮನೆಯಲ್ಲಿ ದುಡಿಯುವ ಕೈ ಆಗ ಅವಳದೊಂದೇ ಎಂದು ನಮಗೆಲ್ಲ ಗೊತ್ತಿತ್ತು. ಸಾವ್ಕಾರ್ರು ನನ್ನ ಕಡೆ ತಿರುಗಿದರು. ಬಾಗಿಲು ಹಾಕುವವನು ನಾನಲ್ಲವೇ, ನಾನು ಅವರ ಪರ ಎಂದು ಅವರ ಎಣಿಕೆ. "ಈ ಸಲದ ದೋಣಿಗೆ ನಾನೇ ರೋಲರ್ ಹಿಡೀತೆ" ಎಂದೆ. "ಕಾಳು ಬಿದ್ರೆ ಅಕ್ಕನ ಹಿಂದೆ ನಾನೂ."

ಆಗ ಕೈಯಲ್ಲಿದ್ದದ್ದು ಚಿತ್ತಾಕುಲದ ಕಡೆಯ ಒಬ್ಬ ತಾಂಡೇಲನ ದೋಣಿ. ದೋಣಿ ನಡೆಸುವ ಮುಖ್ಯಸ್ಥನಿಗೆ ತಾಂಡೇಲ ಎನ್ನುತ್ತೇವೆ. ಇವನಂತೂ ಆ ದಂಡೆಗೆಲ್ಲ ಹೆಸರಾದ ಕಿರಿಕಿರಿಯ ಮನುಷ್ಯ, ಕೂದಲೆಳೆ ತಪ್ಪು ಇದ್ದರೂ ದೋಣಿ ಮುಟ್ಟುವವನಲ್ಲ. ಅದನ್ನೇ ಪಂಥಕ್ಕೆ ಇಟ್ಟರು ಸಾವ್ಕಾರ್ರು.

ಭಾನುವಾರ ನಾವೇ ತಗಡಿನ ಬಾಗಿಲುಗಳನ್ನು ಕಳಚಿ ಹಿಂದಿನ ಗೋಡೆಗೆ ಒರಗಿಸಿದೆವು. ಸೊಂಟದ ಎತ್ತರಕ್ಕೆ ಹಲಗೆ ಜಡಿದೆವು. ಅಕ್ಕ ಗಂಡನ ಹಳೆಯ ಬಲೆ ತಂದು, ಎರಡು ಪದರ ಮಾಡಿ, ಕಣ್ಣಿಗೆ ಕಣ್ಣು ಸೇರದ ಹಾಗೆ ಓರೆಯಾಗಿ ಕಟ್ಟಿದಳು. ಗಂಡ ಬಂದು ನೋಡಿ, "ನನ್ನ ಬಲೆಯಲ್ಲಿ ಇಷ್ಟು ವರ್ಷ ಬಂಗಡೆ ಬಿತ್ತು, ಈಗ ಗಾಳಿ ಹಿಡೀತಾಳಂತೆ" ಎಂದು ನಕ್ಕ. "ನೀ ಹಿಡಿದದ್ದಕ್ಕಿಂತ ಜಾಸ್ತಿ ಹಿಡೀತೆ, ಸುಮ್ನಿರು" ಎಂದಳು.

ಸೋಮವಾರ ಬಣ್ಣದ ಪದರ ಬಳಿಯಲು ಹಿಡಿದೆ. ಹನ್ನೊಂದಾಯಿತು. ಗಾಳಿ ಎದ್ದಿತು. ನನ್ನ ಕಾಲು ತಾನಾಗಿಯೇ ಬಾಗಿಲಿನ ಕಡೆ ಹೊರಟಿತು, ಅಲ್ಲಿ ಮುಚ್ಚಲು ಏನೂ ಇರಲಿಲ್ಲ. ಬಲೆ ಉಬ್ಬಿ ಹಾಯಿಯಂತಾಗಿತ್ತು. ಮುಖಕ್ಕೆ ತಣ್ಣಗೆ ಕಡಲಗಾಳಿ ಬಡಿಯಿತು. ಹೊರಗೆ ಮರಳು ಹಾವಿನಂತೆ ನೆಲ ಹಿಡಿದು ಸರಸರ ಬಂದು ಹಲಗೆಗೆ ಬಡಿದು ಅಲ್ಲೇ ಗುಪ್ಪೆಯಾಗುತ್ತಿತ್ತು. ಅಕ್ಕ ಅರ್ಧಗಂಟೆಗೊಮ್ಮೆ ಅಂಗೈಯನ್ನು ಅಚ್ಚಿನ ಅಂಚಿನ ಮೇಲೆ ಆಡಿಸಿ ನೋಡುತ್ತಿದ್ದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಆವತ್ತು ಸಂಜೆ ಐದಕ್ಕೆ ನನ್ನ ತಲೆ ನನ್ನ ಹೆಗಲ ಮೇಲೇ ಇತ್ತು.

ದೋಣಿ ಅಚ್ಚಿನಿಂದ ಹೊರಬಂದ ದಿನ ತಾಂಡೇಲ ಬಂದ. ಚಪ್ಪಲಿ ಕಳಚಿದ. ಯಾರನ್ನೂ ಮಾತಾಡಿಸಲಿಲ್ಲ. ಮೂತಿಯ ಹತ್ತಿರ ನಿಂತು, ಕಣ್ಣು ಮುಚ್ಚಿ, ಅಂಗೈ ಊರಿ, ದೋಣಿಯ ಉದ್ದಕ್ಕೂ ನಡೆಯತೊಡಗಿದ. ಒಂದು ಬದಿ ಮುಗಿಯಿತು. ಸುತ್ತಿ ಬಂದ. ಇನ್ನೊಂದು ಬದಿ. ಅರ್ಧ ದಾಟಿದ. ಅಲ್ಲಿ ಕೈ ನಿಂತಿತು.

ಕಣ್ಣು ತೆರೆದ. ಉಗುರಿನಿಂದ ಕೆರೆದ. ಸಾಸಿವೆಯಷ್ಟು ಕಪ್ಪು.

"ಎಂತಾ?" ಎಂದರು ಸಾವ್ಕಾರ್ರು. ಅಕ್ಕ ಮ್ಯಾಟಿನ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಬಗ್ಗಿ ನೋಡಿದೆ. ತಾಂಡೇಲ ಜೇಬಿನಿಂದ ಕನ್ನಡಕ ತೆಗೆದು, ಹಾಕಿಕೊಂಡು, ಬಹಳ ಹೊತ್ತು ನೋಡಿದ.

"ಹೊಯ್ಗೆ ಅಲ್ಲ" ಎಂದ ಕೊನೆಗೆ. "ರೆಕ್ಕೆ ಇದೆ."

ಒಂದು ಸಣ್ಣ ನೊಣ. ತೆರೆದ ಬಾಗಿಲಿನಿಂದ ಬಂದು ಬಣ್ಣಕ್ಕೆ ಬಿದ್ದಿತ್ತು. ಸಾವ್ಕಾರ್ರು ಬಾಯಿ ತೆರೆಯುವುದರೊಳಗೆ ಅಕ್ಕ ಶುರುಮಾಡಿದಳು. "ನಾ ಹೊಯ್ಗೆ ಮಾತು ಆಡಿದ್ದು ಸಾವ್ಕಾರ್ರೇ! ನೊಣದ ಮಾತು ಬಂದೇ ಇಲ್ಲ! ಎಲ್ರೂ ಕೇಳಿದ್ರು!"

ತಾಂಡೇಲನಿಗೆ ನಮ್ಮ ಪಂಥದ ವಿಷಯವೇ ಗೊತ್ತಿರಲಿಲ್ಲ. ಅವನು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. "ಮೀನಿನ ದೋಣಿಗೆ ನೊಣ ಇಂದಲ್ಲಾ ನಾಳೆ ಬರೂದೇ. ಇದು ಅವಸರದ ನೊಣ, ಮೊದ್ಲೇ ಬಂತು" ಎಂದ. ದೋಣಿಯ ಮೈ ತಟ್ಟಿದ. "ಬರೆಂ ಜಾಲಾಂ. ಚಲೋ ಆಗಿದೆ. ನಿಮ್ಮ ಶೆಡ್ಡಿನಲ್ಲಿ ಇಷ್ಟು ನುಣುಪು ದೋಣಿ ಹಿಂದೆ ಕಂಡಿಲ್ಲ ನಾ."

ಆಮೇಲೆ ಶೆಡ್ಡಿನಲ್ಲಿ ಎದ್ದ ಕೂಗು ಹೆದ್ದಾರಿಯವರೆಗೆ ಕೇಳಿರಬೇಕು. ಒಬ್ಬ ಖಾಲಿ ಡ್ರಮ್ಮು ಬಡಿದ. ನಾನು, ಯಾವ ಮದುವೆಯಲ್ಲೂ ಕುಣಿಯದ ನಾನು, ರೋಲರ್ ತಲೆಯ ಮೇಲೆ ಹಿಡಿದು ಕುಣಿದೆ. ಅಕ್ಕ ಮಾತ್ರ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಕೇಳಿದರೆ, "ಅಳೂದಿಲ್ಲ ಅಂತ ಒಪ್ಕಂಡಿದ್ದು ಸೋತ್ರೆ ಮಾತ್ರ" ಎಂದಳು.

ಸಾವ್ಕಾರ್ರು ಮಾತಿಗೆ ತಪ್ಪಲಿಲ್ಲ, ಅದನ್ನೂ ಬರೆಯಬೇಕು. ನೊಣಕ್ಕೆ ಇನ್ನೂ ಸಣ್ಣ ಕಣ್ಣಿನ ಜಾಲರಿ ತಂದರು. ಡಾಕ್ಟರು ಹೇಳಿದ ಹಾಗೆ ಮೂಡಣದ ಗೋಡೆಯ ಬುಡದಲ್ಲಿ, ನೆಲದ ಹತ್ತಿರ, ಕಿಡಿ ಹಾರದ ಜಾತಿಯ ಎರಡು ಫ್ಯಾನು ಕೂರಿಸಿದರು. ಮುಖಕ್ಕೆ ಡಬ್ಬಿಯಿರುವ ಮಾಸ್ಕು, ಕೈಗೆ ಗ್ಲೌಸು ಬಂದವು. ಕೈ ತೊಳೆಯಲು ಅಸಿಟೋನ್ ಮುಟ್ಟಿದರೆ ಅಕ್ಕ ಕತ್ತರಿಯ ಹಿಡಿಯಿಂದ ಬೆರಳ ಗಂಟಿಗೆ ಕುಟ್ಟುತ್ತಿದ್ದಳು. ಹೊಸಬ ಕೆಮ್ಮಿದರೆ ಈಗ ಯಾರೂ ನಗುವುದಿಲ್ಲ. ಯಾಕೆ ಕೆಮ್ಮಿದ ಎಂದು ನಾಲ್ಕು ಜನ ಎದ್ದು ಫ್ಯಾನು ನೋಡುತ್ತೇವೆ. ನನ್ನ ತಲೆ ತಿಳಿಯಾಗಲು ಒಂದು ಮಳೆಗಾಲ ಹಿಡಿಯಿತು. ಎಡಗೈಯ ಎರಡು ಬೆರಳು ಮಾತ್ರ ಇನ್ನೂ ಜೋಮು, ಅವು ಬರುವುದಿಲ್ಲವಂತೆ. ಮೇಸ್ತ್ರಿಯನ್ನು ಅದೇ ಡಾಕ್ಟರ ಹತ್ತಿರ ಕರೆದೊಯ್ದೆವು. ತಡವಾಗಿತ್ತು. ಆದರೆ ಅವನು ಕುಡುಕನಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿಯನ್ನು ಅವನ ಹೆಂಡತಿ ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾಳೆ.

ತಾಂಡೇಲ ಒಪ್ಪಿದ ಆ ಸಂಜೆಯ ಒಂದು ಮಾತು ಉಳಿಯಿತು. ಕೆಲಸ ಮುಗಿದು ಎಲ್ಲರೂ ಹೊರಡುವಾಗ ಅಕ್ಕ ಟೆಂಪೋ ಡ್ರೈವರನನ್ನು ಹಿಡಿದು ನಿಲ್ಲಿಸಿ, ಗೋಡೆಗೆ ಒರಗಿಸಿದ್ದ ತಗಡಿನ ಬಾಗಿಲುಗಳನ್ನು ಟೆಂಪೋದ ಹಿಂಬದಿಗೆ ಹೇರಿಸುತ್ತಿದ್ದಳು. ಒಂದೊಂದಕ್ಕೆ ಇಬ್ಬಿಬ್ಬರು ಬೇಕಾದರು. ಸಾವ್ಕಾರ್ರು ಓಡಿಬಂದರು.

"ಏಯ್, ಅದ್ನ ಎಲ್ಲಿಗೆ?"

"ಮನೆಗೆ. ಬಾಗ್ಲು ಹೋಗ್ಬೇಕು ಅಂತ ಮಾತಾಗಿತ್ತಲ್ಲ. ಇಲ್ಲೇ ಇದ್ರೆ ನಿಮ್ಗೆ ಮತ್ತೆ ಆಸೆ ಆತದೆ."

"ಅಲ್ಲಾ, ತಕಂಡು ಹೋಗಿ ನೀ ಎಂತಾ ಮಾಡ್ತೆ?"

ಅಕ್ಕ ಡ್ರೈವರನ ಪಕ್ಕ ಏರಿ ಕೂತು, ಮಂಡಿಯನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಕಿಟಕಿಯಿಂದ ತಲೆ ಹೊರಹಾಕಿದಳು.

"ಕೋಳಿಗೂಡು ಕಟ್ತೆ ಸಾವ್ಕಾರ್ರೇ. ಕೋಳಿಗೆ ಬಾಗ್ಲು ಬೇಕು, ನರಿ ಬತ್ತದೆ. ನಮ್ಗೆ ಎಂತಕ್ಕೆ?"

ಟೆಂಪೋ ಹೊರಟಿತು. ಕಚ್ಚಾರಸ್ತೆಯ ಗುಂಡಿಗುಂಡಿಗೂ ಆ ಬಾಗಿಲುಗಳು ಧಡಧಡ ಬಡಿದುಕೊಳ್ಳುತ್ತಾ, ಹೆದ್ದಾರಿ ಹತ್ತಿ, ಅಕ್ಕನ ಕಾಲೊನಿಯ ಕಡೆಗೆ ತಿರುಗಿದವು.